ಮೆದುಳಿನ ಆಟದ ಆ್ಯಪ್‌ಗೆ ದುಡ್ಡು ಕಟ್ಟಬೇಕಾ? ಅಪ್ಪನ ವಿಷಯ, ಸಲಹೆ ಬೇಕು

ಸರಸ್ವತಿಪುರಂನವ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಈಗ 71 ವರ್ಷ. ಬ್ಯಾಂಕಿನಲ್ಲಿದ್ದವರು, ಲೆಕ್ಕದಲ್ಲಿ ಗಟ್ಟಿಗರು. ಈಚೆಗೆ ಪರಿಚಯದವರ ಹೆಸರು ತಟ್ಟನೆ ನೆನಪಿಗೆ ಬರುವುದಿಲ್ಲ. ಹೇಳಿದ್ದನ್ನೇ ಇನ್ನೊಂದು ಸಲ ಕೇಳುತ್ತಾರೆ. ನಮ್ಮ ತಾತನಿಗೆ ಕೊನೆಗಾಲದಲ್ಲಿ ಅರಳುಮರಳು ಜಾಸ್ತಿಯಾಗಿತ್ತು. ತನಗೂ ಹಾಗೇ ಆಗುತ್ತದೇನೋ ಎಂಬ ಭಯ ಅಪ್ಪನಿಗೆ.

ಕಳೆದ ವರ್ಷ ಬಡಾವಣೆಯ ಹಿರಿಯರ ಕೂಟಕ್ಕೆ ಒಂದು ಕಂಪನಿಯವರು ಬಂದು ಮೆದುಳಿನ ಆಟಗಳ ಆ್ಯಪ್ ತೋರಿಸಿದರು. ದಿನಾ ಆಡುತ್ತಿದ್ದರೆ ಮರೆವಿನ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂದರು. ಅಪ್ಪ ವರ್ಷದ ಚಂದಾ ಕಟ್ಟಿದರು. ಆಮೇಲೆ ಬೆಳಗಿನ ಕಾಫಿ ಆದ ಕೂಡಲೇ ಫೋನ್ ಹಿಡಿದು ಕೂರುವುದು ರೂಢಿಯಾಯಿತು. ಸ್ಕೋರ್ ಏರುತ್ತಲೇ ಇದೆ. 'ನಿಮ್ಮ ಮೆದುಳಿನ ವಯಸ್ಸು 54' ಎಂದು ಬಂದ ದಿನ ಮನೆಯವರಿಗೆಲ್ಲ ತೋರಿಸಿದರು. ಆದರೆ ಹೆಸರು ಮರೆಯುವುದು ಹಾಗೇ ಇದೆ. ಆಟದ ಹೊತ್ತಿಗೆ ಅಡ್ಡ ಬರುತ್ತದೆ ಅಂತ ಗೆಳೆಯರ ಜೊತೆ ಹೋಗುತ್ತಿದ್ದ ವಾಕಿಂಗ್ ಕೂಡ ಬಿಟ್ಟಿದ್ದಾರೆ.

ಚಂದಾ ಮತ್ತೆ ಕಟ್ಟುವ ಸಮಯ ಬಂದಿದೆ. ಕಟ್ಟಿಸಲಾ, ಬೇಡವಾ? ಬೇಡ ಎಂದರೆ ಅವರ ಧೈರ್ಯ ಕಿತ್ತುಕೊಂಡ ಹಾಗಾಗುತ್ತದೆ ಅನ್ನುವ ಅಳುಕೂ ಇದೆ. ತಿಳಿದವರು ಹೇಳಿ.

ಪದಬಂಧ ಪ್ರಿಯೆ, ಜಯಲಕ್ಷ್ಮೀಪುರಂ

ಸ್ಕೋರ್ ಏರುತ್ತಿದೆ ಅಂದರೆ ಮೆದುಳು ಚುರುಕಾಗುತ್ತಿದೆ ಅಂತಲೇ ಅಲ್ವಾ? ನಾನು ಕಾಲೇಜಿನ ದಿನಗಳಿಂದ ಪೇಪರಿನ ಪದಬಂಧ ಬಿಡಿಸುತ್ತಾ ಬಂದವಳು. ಈಗ ಸುಡೊಕು ಸೇರಿದೆ. ನನಗಂತೂ ಇವಿಲ್ಲದೆ ದಿನ ಶುರುವಾಗುವುದಿಲ್ಲ. ಅಪ್ಪ ಖುಷಿಯಾಗಿದ್ದರೆ ಯಾಕೆ ತಡೆಯಬೇಕು?

ಗಂಗೋತ್ರಿ ಮೇಷ್ಟ್ರು

ಮನಶ್ಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಈ ಪ್ರಶ್ನೆ ಬಂದಾಗಲೆಲ್ಲ ನಿಧಾನವಾಗಿ ಉತ್ತರ ಕೊಡಬೇಕು ಅನ್ನಿಸುತ್ತದೆ. ಯಾಕೆಂದರೆ ಇದರ ಹಿಂದೆ ಒಂದು ಭಯ ಇದೆ, ಆ ಭಯದ ಮೇಲೆ ವ್ಯಾಪಾರ ನಡೆಯುತ್ತಿದೆ.

ಪದಬಂಧ ಪ್ರಿಯೆ ಅವರೇ, ಎಲ್ಲ ಗೊಂದಲವೂ ಹುಟ್ಟುವುದು ನಿಮ್ಮ ಪ್ರಶ್ನೆಯಲ್ಲೇ. ಒಂದೇ ಆಟವನ್ನು ದಿನಾ ಆಡಿದರೆ ಆ ಆಟದಲ್ಲಿ ಕೈ ಪಳಗುತ್ತದೆ. ಎಲ್ಲಿ ನೋಡಬೇಕು, ಯಾವಾಗ ಒತ್ತಬೇಕು ಎಂಬುದು ಗೊತ್ತಾಗುತ್ತದೆ. ಗಾಬರಿ ಕಡಿಮೆಯಾಗುತ್ತದೆ. ಸ್ಕೋರ್ ಏರುತ್ತದೆ. ಇದರಲ್ಲಿ ಮೋಸ ಏನೂ ಇಲ್ಲ, ನಿಜವಾದ ಕಲಿಕೆಯೇ. ಆದರೆ ಆ ಕಲಿಕೆ ಆಟದಿಂದ ಬದುಕಿಗೆ ದಾಟುತ್ತದಾ? ಮದುವೆ ಮನೆಯಲ್ಲಿ ಎದುರಾದವರ ಹೆಸರು ನೆನಪಾಗುತ್ತದಾ? ವೀಣೆ ಕಲಿತವರಿಗೆ ಮೃದಂಗ ತಾನಾಗಿ ಬರುವುದಿಲ್ಲ, ಅಲ್ವಾ?

ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದ್ದಾರೆ. ಬಿಬಿಸಿ ಜೊತೆ ಸೇರಿ ಏಡ್ರಿಯನ್ ಓವನ್ ಎಂಬ ವಿಜ್ಞಾನಿಯ ತಂಡ 11,430 ಜನರಿಗೆ 6 ವಾರ ಇಂಥ ಆಟ ಆಡಿಸಿತು. ಫಲಿತಾಂಶ 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಆಡಿದ ಆಟದಲ್ಲಿ ಎಲ್ಲರೂ ಮುಂದೆ ಬಂದಿದ್ದರು. ಆಡದೇ ಇದ್ದ, ಅದೇ ತರಹದ ಬೇರೆ ಪರೀಕ್ಷೆ ಕೊಟ್ಟಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಅವರೆಲ್ಲ 60 ವರ್ಷದ ಒಳಗಿನವರು, ಅವಧಿಯೂ ಚಿಕ್ಕದು ಎಂಬ ಆಕ್ಷೇಪ ಬಂತು. ಆಕ್ಷೇಪ ಸರಿಯಾದದ್ದೇ.

2014ರಲ್ಲಿ ಸುಮಾರು 70 ವಿಜ್ಞಾನಿಗಳು ಸೇರಿ, ಈ ಆಟಗಳು ಮರೆವಿನ ಕಾಯಿಲೆ ತಡೆಯುತ್ತವೆ ಎನ್ನಲು ಗಟ್ಟಿ ಆಧಾರ ಇಲ್ಲ ಎಂದು ಹೇಳಿಕೆ ಕೊಟ್ಟರು. ಅದೇ ವರ್ಷದ ಕೊನೆಗೆ 120ಕ್ಕೂ ಹೆಚ್ಚು ಜನ, 'ಆಧಾರ ಇದೆ, ನೀವು ಪೂರ್ತಿ ನೋಡಿಲ್ಲ' ಎಂದು ಎದುರು ಪತ್ರ ಬರೆದರು. 2016ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಸಂಗಡಿಗರು ಕಂಪನಿಗಳೇ ತಮ್ಮ ಪರವಾಗಿ ತೋರಿಸುವ ಅಧ್ಯಯನಗಳನ್ನು ಒಂದೊಂದಾಗಿ ಕೂತು ನೋಡಿದರು. ಆಡಿದ ಆಟದಲ್ಲಿ ಸುಧಾರಣೆಗೆ ಬೇಕಾದಷ್ಟು ಸಾಕ್ಷಿ ಸಿಕ್ಕಿತು. ಹತ್ತಿರದ ಕೆಲಸಗಳಿಗೆ ಅದು ಕಡಿಮೆ. ದಿನದ ಬದುಕಿಗೆ ತೀರಾ ಕಡಿಮೆ.

ಅದೇ 2016ರ ಜನವರಿಯಲ್ಲಿ ಲುಮಾಸಿಟಿ ಎಂಬ ಆ್ಯಪ್‌ನ ಕಂಪನಿ ಅಮೆರಿಕದ ವ್ಯಾಪಾರ ಆಯೋಗದ ಜೊತೆ ರಾಜಿಯಾಗಿ 20 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ವಯಸ್ಸಾದಂತೆ ಬರುವ ಮರೆವನ್ನು ನಮ್ಮ ಆಟ ತಡೆಯುತ್ತದೆ ಅಂತ ಜಾಹೀರಾತು ಕೊಟ್ಟಿದ್ದರು. ಅದಕ್ಕೆ ಬೇಕಾದಷ್ಟು ವೈಜ್ಞಾನಿಕ ಆಧಾರ ಇಲ್ಲ ಎಂಬುದು ಆಯೋಗದ ಆರೋಪ. ನಿಮ್ಮ ತಂದೆಗೆ ಆ ಕಂಪನಿಯವರು ಹೇಳಿದ್ದೂ ಹೆಚ್ಚು ಕಡಿಮೆ ಇದೇ ಮಾತು.

'ಮೆದುಳಿನ ವಯಸ್ಸು' ಎಂಬ ಅಂಕಿಯನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅದು ಆಟದ ಅಂಕ, ಯಾವ ಡಾಕ್ಟರೂ ಅದನ್ನು ನೋಡಿ ಔಷಧ ಬರೆಯುವುದಿಲ್ಲ. 54 ಬಂತೆಂದು ಹಿಗ್ಗುವುದೂ ಬೇಡ, ನಾಳೆ 80 ಬಂತೆಂದು ಕುಗ್ಗುವುದೂ ಬೇಡ.

ಹೂಟಗಳ್ಳಿ ಎಂಜಿನಿಯರ್

ಮೇಷ್ಟ್ರೇ, ಒಂದು ಮುಖ್ಯ ಅಧ್ಯಯನ ಬಿಟ್ಟಿದ್ದೀರಿ. ಅಮೆರಿಕದಲ್ಲಿ ನಡೆದ 'ಆ್ಯಕ್ಟಿವ್' ಎಂಬ ಹೆಸರಿನ ಅಧ್ಯಯನ. 65 ದಾಟಿದ 2,832 ಜನ. ಒಂದು ಗುಂಪಿಗೆ ನೆನಪಿನ ತರಬೇತಿ, ಇನ್ನೊಂದಕ್ಕೆ ತರ್ಕದ್ದು, ಮತ್ತೊಂದಕ್ಕೆ ವೇಗದ್ದು, ನಾಲ್ಕನೆಯದಕ್ಕೆ ಏನೂ ಇಲ್ಲ. 10 ವರ್ಷದ ಮೇಲೆ ನೋಡಿದಾಗ ವೇಗದ ತರಬೇತಿ ಪಡೆದವರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಯ ಅಪಾಯ ಶೇ 29ರಷ್ಟು ಕಡಿಮೆ ಎಂದು 2017ರಲ್ಲಿ ಪ್ರಕಟವಾಯಿತು. ಇದನ್ನು ಸುಮ್ನೆ ತಳ್ಳಿಹಾಕೋಕೆ ಆಗುತ್ತಾ?

ಗಂಗೋತ್ರಿ ಮೇಷ್ಟ್ರು

ತಳ್ಳಿಹಾಕುವುದಿಲ್ಲ. ಒಳ್ಳೆಯದಾಯಿತು ನೀವೇ ಎತ್ತಿದ್ದು. ಈ ಕ್ಷೇತ್ರದಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವ ಅಧ್ಯಯನ ಅದು.

ವೇಗದ ತರಬೇತಿ ಹೇಗಿತ್ತು ಎಂದು ಉಳಿದವರಿಗೂ ಹೇಳುತ್ತೇನೆ. ಪರದೆಯ ನಡುವೆ ಒಂದು ವಾಹನದ ಚಿತ್ರ ಮಿಂಚಿ ಮರೆಯಾಗುತ್ತದೆ. ಅದೇ ಕ್ಷಣ ಅಂಚಿನಲ್ಲಿ ಎಲ್ಲೋ ಇನ್ನೊಂದು ಚಿತ್ರ ಮಿಂಚುತ್ತದೆ. ನಡುವೆ ಕಂಡದ್ದು ಕಾರೋ ಲಾರಿಯೋ, ಅಂಚಿನದು ಯಾವ ಮೂಲೆಯಲ್ಲಿತ್ತು, ಎರಡನ್ನೂ ಹೇಳಬೇಕು. ಸರಿ ಹೇಳಿದಷ್ಟೂ ಚಿತ್ರ ಮಿಂಚುವ ಸಮಯ ಕಡಿಮೆಯಾಗುತ್ತಾ ಹೋಗುತ್ತದೆ, ಅಡ್ಡಿ ಮಾಡುವ ಚಿತ್ರಗಳು ಜಾಸ್ತಿಯಾಗುತ್ತವೆ. ಒಂದು ಗಂಟೆಯ ಮೇಲಿನ 10 ತರಗತಿಗಳು, 5-6 ವಾರಗಳಲ್ಲಿ. ಕೆಲವರಿಗೆ ಒಂದು ವರ್ಷ ಮತ್ತು ಮೂರು ವರ್ಷದ ಆಸುಪಾಸಿನಲ್ಲಿ ಮತ್ತೆ ಕೆಲವು ತರಗತಿ.

ನೆನಪಿನ ತರಬೇತಿಯ ಗುಂಪಿಗೆ ಉಪಾಯಗಳನ್ನು ಕಲಿಸಿದ್ದರು. ಪಟ್ಟಿಯನ್ನು ಗುಂಪು ಮಾಡಿ ನೆನಪಿಡುವುದು, ಚಿತ್ರ ಕಲ್ಪಿಸಿಕೊಳ್ಳುವುದು, ಹೀಗೆ. 10 ವರ್ಷದ ಹೊತ್ತಿಗೆ ಆ ಲಾಭ ಕರಗಿಹೋಗಿತ್ತು. ತರ್ಕ ಮತ್ತು ವೇಗದ್ದು ಉಳಿದಿತ್ತು. ಉಪಾಯವನ್ನು ನಾವೇ ನೆನಪು ಮಾಡಿಕೊಂಡು ಬಳಸಬೇಕು, ವೇಗ ಮಾತ್ರ ಅಭ್ಯಾಸವಾಗಿ ಒಳಗೆ ಇಳಿಯುತ್ತದೆ, ಅದಕ್ಕೇ ಹೀಗಾಗಿರಬಹುದು ಎಂದು ಕೆಲವರ ಊಹೆ.

ಆದರೆ ಎರಡು ಮಾತು. ಒಂದು, 2017ರ ಆ ಲೆಕ್ಕದಲ್ಲಿ ಡಿಮೆನ್ಷಿಯಾ ಇದೆ ಎಂದು ಎಲ್ಲರನ್ನೂ ಡಾಕ್ಟರ್ ಪರೀಕ್ಷಿಸಿ ಹೇಳಿದ್ದಲ್ಲ. ಪರೀಕ್ಷೆಯ ಅಂಕ, ಮನೆಯವರ ಹೇಳಿಕೆ ಇಂಥವುಗಳಿಂದ ತೀರ್ಮಾನಿಸಿದ್ದು. ಎರಡು, ಅದು ಒಂದು ನಿರ್ದಿಷ್ಟ ತರಬೇತಿಯ ಫಲ. ಹಣ್ಣು ಜೋಡಿಸುವ, ಪದ ಹುಡುಕುವ, ಕಾರ್ಡ್ ಮಗುಚುವ ಆಟಗಳೆಲ್ಲ ಆ ಶೇ 29ನ್ನು ತಮ್ಮದೆಂದು ಹೇಳಿಕೊಳ್ಳುವಂತಿಲ್ಲ. ಮಾರುವವರು ಮಾಡುವುದು ಮಾತ್ರ ಅದನ್ನೇ.

ಸರಸ್ವತಿಪುರಂನವರೇ, ಅಪ್ಪನ ಆ್ಯಪ್‌ನಲ್ಲಿ ಇಂಥ ಆಟ ಇದೆಯಾ, ನೋಡಿ ಹೇಳಿ.

ಸರಸ್ವತಿಪುರಂನವ

ನೋಡಿದೆ ಸರ್. ಇಲ್ಲ. ಕಾರ್ಡ್ ಜೋಡಿ ಹುಡುಕುವುದು, ಕೂಡಿಸುವುದು ಕಳೆಯುವುದು, ಚದುರಿದ ಅಕ್ಷರ ಜೋಡಿಸುವುದು. ಅಕ್ಷರದ ಆಟ ಇಂಗ್ಲಿಷಿನಲ್ಲಿ ಮಾತ್ರ.

ಮದ್ದೂರಿನ ಸೊಸೆ

ಇಂಗ್ಲಿಷಿನಲ್ಲಿ ಮಾತ್ರ ಎಂದದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಡೇರಿಗೆ ಹಾಕಿದ ಹಾಲಿನ ಲೆಕ್ಕ, ಹಿಂಡಿ ಮೂಟೆಯ ಬಾಕಿ, ಸ್ತ್ರೀಶಕ್ತಿ ಸಂಘದ ಕಂತು, ಯಾರ ಮನೆ ಮುಯ್ಯಿಗೆ ಎಷ್ಟು ಬಂದಿತ್ತು, ಎಲ್ಲ ತಲೆಯಲ್ಲೇ. ಕಬ್ಬು ಕಡಿಯಲು ಬರುವವರ ಜೊತೆ ತಮಿಳಿನಲ್ಲಿ, ಸಂತೆಯಲ್ಲಿ ಸಾಬರ ಜೊತೆ ಉರ್ದುವಿನಲ್ಲಿ ಚೌಕಾಸಿ ಮಾಡುತ್ತಾರೆ. ಇಂಥವರಿಗೆ ಯಾವ ಆ್ಯಪ್ ಇದೆ? ಬರೆಯಲು ಬರುವವರಿಗೆ ಮಾತ್ರ ಮೆದುಳು ಇರೋದಾ? ಮೇಷ್ಟ್ರೇ, ನಮ್ಮ ದೇಶದ ಜನರ ಮೇಲೆ ಏನೂ ಅಧ್ಯಯನ ಆಗಿಲ್ವಾ?

ಗಂಗೋತ್ರಿ ಮೇಷ್ಟ್ರು

ಆಗಿದೆಯಮ್ಮ. ನಿಮ್ಮತ್ತೆಯಂಥವರ ವಿಷಯವೇ ಅದರಲ್ಲಿ ಬಹಳ ಚೆನ್ನಾಗಿ ಬಂದಿದೆ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ 648 ಡಿಮೆನ್ಷಿಯಾ ರೋಗಿಗಳ ವಿವರ ನೋಡಿದರು. ಒಂದೇ ಭಾಷೆ ಆಡುವವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು 4.5 ವರ್ಷ ತಡವಾಗಿ ಕಾಣಿಸಿಕೊಂಡಿತ್ತು. 2013ರಲ್ಲಿ ಪ್ರಕಟವಾದದ್ದು. ಅಕ್ಷರ ಕಲಿಯದವರಲ್ಲೂ ಈ ವ್ಯತ್ಯಾಸ ಇತ್ತು. ಅಂದರೆ ಇದು ಬರೀ ಓದಿನ ಫಲ ಅಲ್ಲ. ಒಂದು ಭಾಷೆಯನ್ನು ಹಿಡಿದಿಟ್ಟು ಇನ್ನೊಂದರಲ್ಲಿ ಮಾತಾಡುವಾಗ ಮೆದುಳು ಪ್ರತಿ ಸಲ ಆಯ್ಕೆ ಮಾಡಬೇಕು. ಆ ಕೆಲಸ ಜೀವನಪೂರ್ತಿ ನಡೆಯುತ್ತದೆ. ಇದು ರೋಗಿಗಳ ಹಿಂದಿನ ಬದುಕನ್ನು ನೋಡಿ ಕಂಡದ್ದು, ಪ್ರಯೋಗ ಮಾಡಿ ತೋರಿಸಿದ್ದಲ್ಲ. ಅದನ್ನೂ ಹೇಳಿಬಿಡಬೇಕು.

ನಮ್ಮ ರಾಜ್ಯದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರದ ಶ್ರೀನಿವಾಸಪುರದ ಹಳ್ಳಿ ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಸುತ್ತಿದ್ದಾರೆ. ಹಳ್ಳಿಯವರು ಹೇಗೆ ವಯಸ್ಸಾಗುತ್ತಾರೆ ಎಂಬುದು ಇನ್ನು ಮುಂದೆ ಅಮೆರಿಕದ ಲೆಕ್ಕದಿಂದ ಊಹಿಸಬೇಕಾಗಿಲ್ಲ. ದೇಶದ ಮಟ್ಟದ ಸಮೀಕ್ಷೆಯೊಂದರ ಪ್ರಕಾರ 60 ದಾಟಿದವರಲ್ಲಿ ಶೇ 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ. ಸುಮಾರು 88 ಲಕ್ಷ ಜನ.

ಪದಬಂಧ ಪ್ರಿಯೆ, ಜಯಲಕ್ಷ್ಮೀಪುರಂ

ಇಲ್ಲಿ ಒಂದು ಮಾತು ಸೇರಿಸಬೇಕು. ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1966ರ ನಡುವೆ ಹುಟ್ಟಿದ ಮಕ್ಕಳ ತೂಕ, ಉದ್ದ ಎಲ್ಲ ಬರೆದಿಟ್ಟ ದಾಖಲೆ ಪುಸ್ತಕಗಳು ಉಳಿದಿವೆ. ಆಗ ಹುಟ್ಟಿದವರನ್ನು ಹುಡುಕಿ, ಅವರಿಗೆ ವಯಸ್ಸಾದ ಮೇಲೆ ನೆನಪು, ಯೋಚನೆಯ ಪರೀಕ್ಷೆ ಮಾಡಿದ ಅಧ್ಯಯನ ನಡೆದಿದೆ. ನಮ್ಮ ಬೀದಿಯ ಹಿರಿಯರೊಬ್ಬರು ಅದರಲ್ಲಿದ್ದರು. ಗರ್ಭದಲ್ಲಿದ್ದಾಗಿನ ಪೋಷಣೆಗೂ ಮುಪ್ಪಿನ ಮೆದುಳಿಗೂ ನಂಟು ಇದೆಯಾ ಎಂದು ನೋಡುವುದಕ್ಕೆ. ಅಂಥ ದಾಖಲೆಯನ್ನು ಜೋಪಾನ ಮಾಡಿದ ನರ್ಸಮ್ಮಂದಿರಿಗೆ ಕೈ ಮುಗಿಯಬೇಕು.

ಕಿವಿ ಪರೀಕ್ಷಕಿ, ಬೋಗಾದಿ

ವಾಕ್ ಶ್ರವಣ ವಿಷಯ ಓದಿ ಈಗ ಅದೇ ಕೆಲಸದಲ್ಲಿರುವವಳು. ಸರಸ್ವತಿಪುರಂನವರೇ, ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ಅಪ್ಪ ಟಿವಿ ಸೌಂಡ್ ಎಷ್ಟಿಡುತ್ತಾರೆ? ಫೋನನ್ನು ಯಾವಾಗಲೂ ಒಂದೇ ಕಿವಿಗೆ ಇಟ್ಟುಕೊಳ್ಳುತ್ತಾರಾ? ನಾಲ್ಕು ಜನ ಒಟ್ಟಿಗೆ ಮಾತಾಡುವಾಗ ಸುಮ್ಮನಾಗಿಬಿಡುತ್ತಾರಾ?

ಹೇಳಿದ್ದನ್ನೇ ಮತ್ತೆ ಕೇಳುತ್ತಾರೆ ಎಂದಿರಿ. ಎಷ್ಟೋ ಸಲ ಅದು ಮರೆವಲ್ಲ. ಮೊದಲ ಸಲ ಸರಿಯಾಗಿ ಕೇಳಿಸಿರುವುದೇ ಇಲ್ಲ. ಕೇಳಿಸದೇ ಇದ್ದದ್ದು ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ವಯಸ್ಸಾದಂತೆ ಮೊದಲು ಹೋಗುವುದು ಎತ್ತರದ ಸ್ವರಗಳು. ಸ, ಶ, ತ, ಕ ಇಂಥ ಅಕ್ಷರಗಳು ಮಸುಕಾಗುತ್ತವೆ. ದನಿ ಕೇಳಿಸುತ್ತದೆ, ಮಾತು ಬಿಡಿಸಿ ತಿಳಿಯುವುದಿಲ್ಲ. ಹಾಗಾಗಿ ಅವರಿಗೇ ತಮ್ಮ ಕಿವಿಯ ಮೇಲೆ ಅನುಮಾನ ಬರುವುದಿಲ್ಲ. 'ಈಗಿನವರು ಗೊಣಗುತ್ತಾರೆ' ಅನ್ನುತ್ತಾರೆ.

2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ ಡಿಮೆನ್ಷಿಯಾಕ್ಕೆ ನಾವು ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಇವನ್ನೆಲ್ಲ ಸರಿಪಡಿಸಿಕೊಂಡರೆ ಸುಮಾರು ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬ ಅಂದಾಜು. ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಧೂಮಪಾನ, ಖಿನ್ನತೆ, ಒಂಟಿತನ ಇವೆಲ್ಲ ಅದರಲ್ಲಿವೆ. ಕಿವಿ ಮಂದವಾಗುವುದು ಅದರಲ್ಲಿ ದೊಡ್ಡ ಪಾಲಿನದು. ಕಣ್ಣು ಮಂಜಾಗುವುದನ್ನೂ ಆ ವರ್ಷ ಸೇರಿಸಿದರು.

ಕಿವಿಯಂತ್ರ ಹಾಕಿದರೆ ಮರೆವು ನಿಲ್ಲುತ್ತದಾ? 70ರಿಂದ 84 ವಯಸ್ಸಿನ 977 ಜನರ ಮೇಲೆ 3 ವರ್ಷದ ಪ್ರಯೋಗ ಅಮೆರಿಕದಲ್ಲಿ ಆಯಿತು, 2023ರಲ್ಲಿ ಬಂತು. ಎಲ್ಲರನ್ನೂ ಸೇರಿಸಿ ನೋಡಿದರೆ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಜಾಸ್ತಿ ಇದ್ದ ಗುಂಪಿನಲ್ಲಿ ಯೋಚನಾಶಕ್ತಿ ಕುಗ್ಗುವ ವೇಗ ಶೇ 48ರಷ್ಟು ಕಡಿಮೆಯಾಗಿತ್ತು. ನನಗೆ ದಿನಾ ಕಾಣುವುದು ಇನ್ನೂ ಸರಳ. ಕಿವಿ ಕೇಳಿಸತೊಡಗಿದ ಮೇಲೆ ಜನ ಮತ್ತೆ ಮನೆಯವರ ಮಾತಿಗೆ ಸೇರಿಕೊಳ್ಳುತ್ತಾರೆ. ಮೂಲೆಯ ಕುರ್ಚಿಯಿಂದ ಎದ್ದು ಬರುತ್ತಾರೆ.

ನಮ್ಮ ಊರಿನಲ್ಲೇ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಎಲ್ಲೆಲ್ಲಿಂದಲೋ ಜನ ಅಲ್ಲಿಗೆ ಬರುತ್ತಾರೆ. ಮೈಸೂರಿನವರೇ ಎಷ್ಟೋ ಜನ ಮಕ್ಕಳಿಗೆ ಮಾತ್ರ ಅಂದುಕೊಂಡಿದ್ದಾರೆ. ದೊಡ್ಡವರಿಗೂ ಪರೀಕ್ಷೆ ಇದೆ. ಸದ್ದು ಬಾರದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸುತ್ತಾರೆ. ಸಣ್ಣ ಸ್ವರ ಕೇಳಿದಾಗ ಬೆರಳು ಎತ್ತಬೇಕು ಅಥವಾ ಗುಂಡಿ ಒತ್ತಬೇಕು. ನೋವೂ ಇಲ್ಲ, ಸೂಜಿಯೂ ಇಲ್ಲ. ಕೆಲವರಿಗೆ ಬರೀ ಗುಗ್ಗೆ ಕಟ್ಟಿಕೊಂಡಿರುತ್ತದೆ, ತೆಗೆದರೆ ಸರಿಹೋಗುತ್ತದೆ.

ಸರಸ್ವತಿಪುರಂನವ

ಮೇಡಂ, ಟಿವಿ ಸೌಂಡಿನ ವಿಷಯಕ್ಕೆ ಅಮ್ಮನಿಗೂ ಅಪ್ಪನಿಗೂ ದಿನಾ ಜಗಳ. ಮಾತಿನ ನಡುವೆ ಸುಮ್ಮನಾಗುವುದೂ ನಿಜ. ನಾವು ಅದನ್ನು ಬೇಸರ ಅಂದುಕೊಂಡಿದ್ದೆವು. ವಾರದೊಳಗೆ ಕರೆದುಕೊಂಡು ಹೋಗುತ್ತೇನೆ.

ಸಿಸ್ಟರ್, ಮಂಡ್ಯ

ಕಿವಿಯ ಜೊತೆ ರಕ್ತಪರೀಕ್ಷೆಯನ್ನೂ ಮಾಡಿಸಿ. ವಿಟಮಿನ್ ಬಿ12 ಕಡಿಮೆಯಾದರೆ ಮರೆವು, ಸುಸ್ತು, ಕಾಲು ಜೋಮು ಬರುತ್ತವೆ. ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುವವರಲ್ಲಿ ಇದು ಜಾಸ್ತಿ. ಥೈರಾಯ್ಡ್ ನೋಡಿಸಿ. ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆಗಳಲ್ಲಿ ಕೆಲವು ತಲೆ ಮಂಕು ಮಾಡುತ್ತವೆ. ಅಪ್ಪ ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಮನಸ್ಸು ಕುಗ್ಗಿದಾಗಲೂ ಮರೆವು ಬರುತ್ತದೆ, ನಿವೃತ್ತಿಯ ನಂತರ ಇದು ಅಪರೂಪವಲ್ಲ. ಇವೆಲ್ಲ ಗುರುತಿಸಿದರೆ ಚಿಕಿತ್ಸೆ ಇರುವಂಥವು. ಇವನ್ನು ಬಿಟ್ಟು ಆ್ಯಪ್ ಹಿಡಿದು ಕೂತರೆ ಹೊತ್ತು ಕಳೆದುಹೋಗುತ್ತದೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಹೆಸರು ಮರೆತು ಆಮೇಲೆ ತಾನಾಗಿ ನೆನಪಾದರೆ ಅದು ವಯಸ್ಸಿನದು. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದೂ ಅಷ್ಟೇ. ದಿನಾ ಓಡಾಡುವ ದಾರಿ ತಪ್ಪುವುದು, ಮಾಡಿಕೊಂಡು ಬಂದ ಹಣದ ಲೆಕ್ಕ ಕೈತಪ್ಪುವುದು, ಊಟ ಮಾಡಿದ್ದೇ ಮರೆಯುವುದು, ಸ್ವಭಾವ ಬದಲಾಗುವುದು, ಇವು ಕಂಡರೆ ತಡ ಮಾಡಬೇಡಿ. ನರರೋಗ ತಜ್ಞರ ಹತ್ತಿರವೋ ಮನೋವೈದ್ಯರ ಹತ್ತಿರವೋ ಹೋಗಿ.

ಅಗ್ರಹಾರದ ಚೌಕಾಬಾರ

ಎಲ್ಲ ಸರಿ, ಆದರೆ ಆಟವೇ ಬೇಡ ಅನ್ನಬೇಡಿ. ಮೈಸೂರು ಆಟಗಳ ಊರು. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು 64 ಮನೆಯಲ್ಲೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದ ಅರಸರು. ಹೊಸ ಆಟಗಳನ್ನೇ ಕಟ್ಟಿದವರು. ಅವರ ಕಾಲದ ಆಟದ ಹಾಸುಗಳನ್ನು ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಚಿತ್ರವಾಗಿ ಬರೆದಿದ್ದಾರೆ. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಈ ಆಟಗಳ ಪ್ರದರ್ಶನ ನಡೆಸಿಕೊಂಡು ಬಂದಿದ್ದಾರೆ. ಚೌಕಾಬಾರ, ಅಳಿಗುಳಿಮಣೆ, ಪಗಡೆ, ಹುಲಿ ಕುರಿ ಎಲ್ಲ ಅಲ್ಲಿ ನೋಡಲು ಸಿಗುತ್ತವೆ.

ಅಳಿಗುಳಿಮಣೆಯನ್ನೇ ತಗೊಳ್ಳಿ. ಎರಡು ಸಾಲು, 14 ಗುಳಿ. ಯಾವ ಗುಳಿಯ ಬೀಜ ಎತ್ತಿದರೆ ಕೊನೆಯ ಬೀಜ ಎಲ್ಲಿ ಬೀಳುತ್ತದೆ, ಅದರ ಮುಂದಿನ ಗುಳಿ ಖಾಲಿಯಾ, ಎದುರಿನವರು ಎಷ್ಟು ಕೂಡಿಟ್ಟಿದ್ದಾರೆ, ಇಷ್ಟನ್ನೂ ಕೈ ಹಾಕುವ ಮೊದಲೇ ಮನಸ್ಸಿನಲ್ಲಿ ಎಣಿಸಬೇಕು. ನಮ್ಮ ಅಜ್ಜಿ ಕಣ್ಣಲ್ಲೇ ಎಣಿಸುತ್ತಿದ್ದರು. ಆ್ಯಪ್‌ಗಿಂತ ಇದೇ ಮೇಲು ಎಂದು ನನ್ನ ನಂಬಿಕೆ.

ಗಂಗೋತ್ರಿ ಮೇಷ್ಟ್ರು

ನನಗೂ ಆ ಆಟಗಳೆಂದರೆ ಪ್ರೀತಿ. ಆದರೆ ಆ್ಯಪ್‌ಗೆ ಹಾಕಿದ ಅಳತೆಗೋಲನ್ನೇ ಇದಕ್ಕೂ ಹಾಕಬೇಕು. ಅಳಿಗುಳಿಮಣೆ ಆಡಿದರೆ ಅಳಿಗುಳಿಮಣೆ ಚೆನ್ನಾಗಿ ಬರುತ್ತದೆ, ಅಷ್ಟು ಖಚಿತ. ನಮ್ಮದು ಎಂಬ ಕಾರಣಕ್ಕೆ ಅದು ಮರೆವು ತಡೆಯುವ ಮದ್ದಾಗುವುದಿಲ್ಲ.

ಆದರೂ ಒಂದು ವ್ಯತ್ಯಾಸ ಇದೆ. ಎದುರಿಗೆ ಮನುಷ್ಯರು ಕೂತಿರುತ್ತಾರೆ. ಮುಖ ನೋಡುತ್ತೀರಿ, ಮೋಸ ಹಿಡಿಯುತ್ತೀರಿ, ಮಾತಾಡುತ್ತೀರಿ, ಮೊಮ್ಮಗಳಿಗೆ ಹೇಳಿಕೊಡುತ್ತೀರಿ. ಒಂಟಿತನ ಆ 14ರ ಪಟ್ಟಿಯಲ್ಲಿದೆ ಎಂದು ಮೇಡಂ ಹೇಳಿದರಲ್ಲ.

ಹಾಗಾಗಿ 'ಈ ಆಟ ಒಳ್ಳೆಯದಾ' ಎಂದು ಕೇಳುವುದಕ್ಕಿಂತ, 'ಈ ಆಟ ಯಾವುದರ ಜಾಗ ತಗೊಂಡಿತು' ಎಂದು ಕೇಳುವುದು ಒಳ್ಳೆಯದು. ನಿದ್ದೆ ಬಾರದ ರಾತ್ರಿ ಮೊಬೈಲಿನ ಸುದ್ದಿ ಎಳೆಯುವ ಬದಲು ಸುಡೊಕು ಆಡಿದರೆ ಲಾಭವೇ. ಸರಸ್ವತಿಪುರಂನವರ ಮನೆಯಲ್ಲಿ ಅದು ವಾಕಿಂಗಿನ ಜಾಗ ತಗೊಂಡಿದೆ. ಗೆಳೆಯರ ಜಾಗವನ್ನೂ. ಚಂದಾ ಎಷ್ಟೇ ಇರಲಿ, ನನಗೆ ದುಬಾರಿ ಅನ್ನಿಸುವುದು ಅದು.

ವಿಜಯನಗರ ಅಮ್ಮ

ನಡುವೆ ಬಾಯಿ ಹಾಕುತ್ತಿದ್ದೇನೆ. ಮಕ್ಕಳಿಗೆ 'ಮಿಡ್ ಬ್ರೈನ್ ಆ್ಯಕ್ಟಿವೇಷನ್' ಅಂತ ತರಗತಿ ನಡೆಸುತ್ತಾರಲ್ಲ, ಕಣ್ಣು ಕಟ್ಟಿಕೊಂಡು ಓದುತ್ತಾರಂತೆ. ಫೀಸು ಸಾವಿರಗಟ್ಟಲೆ. ಸೇರಿಸಲಾ?

ಹೂಟಗಳ್ಳಿ ಎಂಜಿನಿಯರ್

ಬೇಡ ಅಕ್ಕ. ಕಟ್ಟಿದ ಬಟ್ಟೆ ಮತ್ತು ಮೂಗಿನ ನಡುವೆ ಸಂದು ಇರುತ್ತದೆ, ಮಕ್ಕಳು ಅಲ್ಲಿಂದ ನೋಡುತ್ತಾರೆ. ಸಂದು ಪೂರ್ತಿ ಮುಚ್ಚಿದರೆ ಓದಲು ಆಗುವುದಿಲ್ಲ. ಮಂಗಳೂರಿನ ನರೇಂದ್ರ ನಾಯಕ್ ಅವರಂಥ ವಿಚಾರವಾದಿಗಳು ಇದನ್ನು ಎಲ್ಲರೆದುರು ತೋರಿಸಿದ್ದಾರೆ. ಮಕ್ಕಳಿಗೆ ಸುಳ್ಳು ಹೇಳಲು ಕಲಿಸಿದ ಹಾಗಾಗುತ್ತದೆ, ದುಡ್ಡು ಹೋಗುವುದಕ್ಕಿಂತ ನನಗೆ ಅದೇ ಜಾಸ್ತಿ ಬೇಸರ. ಅಬಾಕಸ್ ಬೇರೆ ವಿಷಯ, ಅಲ್ಲಿ ಮನಗಣಿತ ನಿಜವಾಗಿಯೂ ಬರುತ್ತದೆ. ಅದರಿಂದ ಎಲ್ಲ ವಿಷಯದಲ್ಲೂ ಬುದ್ಧಿವಂತರಾಗುತ್ತಾರೆ ಎಂದರೆ ನಂಬಬೇಡಿ.

ಕುಕ್ಕರಹಳ್ಳಿ ಕೆರೆ ಏರಿ

ವಾಕಿಂಗ್ ಬಿಟ್ಟಿದ್ದಾರೆ ಎಂದು ಓದಿದಾಗಿನಿಂದ ಬರೆಯಬೇಕು ಅನ್ನಿಸುತ್ತಿತ್ತು. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ವಯಸ್ಸಾದ 120 ಜನ. ಅರ್ಧ ಜನ ಒಂದು ವರ್ಷ ಬಿರುಸು ನಡಿಗೆ ಮಾಡಿದರು, ಉಳಿದರ್ಧ ಮೈ ಸಡಿಲಿಸುವ ವ್ಯಾಯಾಮ ಮಾಡಿದರು. ಹಿಪೊಕ್ಯಾಂಪಸ್ ಎಂಬುದು ಮೆದುಳಿನಲ್ಲಿ ನೆನಪಿಗೆ ಬೇಕಾದ ಭಾಗ, ವಯಸ್ಸಾದಂತೆ ಕುಗ್ಗುತ್ತಾ ಹೋಗುತ್ತದೆ. ನಡೆದವರಲ್ಲಿ ಅದು ಸುಮಾರು ಶೇ 2ರಷ್ಟು ಬೆಳೆದಿತ್ತು. ಉಳಿದವರಲ್ಲಿ ಕುಗ್ಗಿತ್ತು.

ಫಿನ್ಲೆಂಡಿನಲ್ಲಿ 1,260 ಜನರ ಮೇಲೆ 2 ವರ್ಷ ನಡೆದ ಪ್ರಯೋಗದಲ್ಲಿ ಊಟ, ವ್ಯಾಯಾಮ, ಮೆದುಳಿನ ತರಬೇತಿ, ಬಿಪಿ ಸಕ್ಕರೆಯ ನಿಗಾ ನಾಲ್ಕನ್ನೂ ಒಟ್ಟಿಗೆ ಕೊಟ್ಟರು. 2015ರಲ್ಲಿ ಫಲಿತಾಂಶ ಬಂತು, ಲಾಭ ಕಂಡಿತ್ತು. ಅಮೆರಿಕದಲ್ಲಿ 2,111 ಜನರ ಮೇಲೆ ಇಂಥದ್ದೇ ಮಾಡಿ 2025ರಲ್ಲಿ ಪ್ರಕಟಿಸಿದರು. ಅಲ್ಲೂ ಹಾಗೇ. ಎರಡರಲ್ಲೂ ಕಂಪ್ಯೂಟರಿನ ಮೆದುಳಿನ ಆಟ ಇತ್ತು ಎಂಬುದನ್ನು ಆಟ ಬೇಡ ಎನ್ನುವವರು ಗಮನಿಸಬೇಕು. ಆದರೆ ಅದು ನಾಲ್ಕರಲ್ಲಿ ಒಂದು. ಬೆವರು ಬರುವ ಕೆಲಸ, ತಟ್ಟೆಯಲ್ಲಿ ಸೊಪ್ಪು ಕಾಳು, ಬಿಪಿ ಹತೋಟಿ, ಜೊತೆಗೆ ಆಟ.

ನಮ್ಮ ಕೆರೆ ಏರಿಯ ಮೇಲೆ ನಡೆಯುವ ಹಿರಿಯರನ್ನು ನೋಡಿ. ರಾಜಕೀಯ, ಕ್ರಿಕೆಟ್, ಯಾರ ಮಗಳಿಗೆ ಸಂಬಂಧ ಬಂತು, ಕೆರೆಗೆ ಯಾವ ಹಕ್ಕಿ ಬಂದಿದೆ, ಒಂದು ಸುತ್ತಿನಲ್ಲಿ ಎಷ್ಟು ವಿಷಯ! ಅವರಲ್ಲಿ ಒಬ್ಬರು ಬರದಿದ್ದರೆ ಉಳಿದವರು ಫೋನ್ ಮಾಡಿ ಕೇಳುತ್ತಾರೆ. ಅಪ್ಪನ ಗೆಳೆಯರೂ ಕಾಯುತ್ತಿರುತ್ತಾರೆ, ಕಳಿಸಿಕೊಡಿ.

ಮದ್ದೂರಿನ ಸೊಸೆ

ಅಪ್ಪನಿಗೆ ಆಟ ಬಿಡಿಸಿದರೆ ಬೆಳಗಿನ ಹೊತ್ತು ಖಾಲಿ ಅನ್ನಿಸಬಾರದು. ಅದರ ಬದಲಿಗೆ ಏನು ಕೊಡಬಹುದು?

ಗಂಗೋತ್ರಿ ಮೇಷ್ಟ್ರು

ಅಮೆರಿಕದಲ್ಲಿ ಡೆನಿಸ್ ಪಾರ್ಕ್ ಎಂಬ ಪ್ರಾಧ್ಯಾಪಕಿ 60 ದಾಟಿದ 221 ಜನರ ಮೇಲೆ ಒಂದು ಪ್ರಯೋಗ ಮಾಡಿದರು. 2014ರಲ್ಲಿ ಬಂತು. ಕೆಲವರಿಗೆ ಡಿಜಿಟಲ್ ಫೋಟೋಗ್ರಫಿ, ಕೆಲವರಿಗೆ ಕೌದಿ ಹೊಲಿಗೆ, ಕೆಲವರಿಗೆ ಎರಡನ್ನೂ ಕಲಿಸಿದರು. ಮೂರು ತಿಂಗಳು, ವಾರಕ್ಕೆ 15 ಗಂಟೆಗೂ ಜಾಸ್ತಿ. ಇನ್ನು ಕೆಲವರು ಹರಟೆ, ವಿಹಾರ, ಮನೆಯಲ್ಲಿ ಪದಬಂಧ ಇಂಥ ಹಗುರ ಕೆಲಸಗಳಲ್ಲಿದ್ದರು. ಕಷ್ಟಪಟ್ಟು ಹೊಸದನ್ನು ಕಲಿತವರ ನೆನಪಿನ ಶಕ್ತಿ ಸುಧಾರಿಸಿತು, ಫೋಟೋ ಕಲಿತವರದು ಹೆಚ್ಚು. ಗೊತ್ತಿರುವುದನ್ನೇ ಮಾಡುತ್ತಿದ್ದವರಲ್ಲಿ ಅಷ್ಟು ಆಗಲಿಲ್ಲ.

ಇದರಿಂದ ನಾನು ತಿಳಿದದ್ದು ಇಷ್ಟು. ಹೊಸದಾಗಿರಬೇಕು, ತುಸು ಕಷ್ಟವಾಗಿರಬೇಕು, ಹಿಡಿದು ಕೂತು ಕಲಿಯಬೇಕು. ಲೆಕ್ಕದಲ್ಲಿ ಪಳಗಿದ ಬ್ಯಾಂಕಿನವರಿಗೆ ಕೂಡಿಸುವ ಕಳೆಯುವ ಆಟ ಹೊಸದಲ್ಲ. ಅವರಿಗೆ ಗಮಕ ಕಲಿಸಿ. ಮೈಸೂರಿನಲ್ಲಿ ಕಲಿಸುವವರಿಗೆ ಕೊರತೆ ಇಲ್ಲ. ಹಳಗನ್ನಡ ಪದ್ಯ ಬಿಡಿಸಿ, ರಾಗಕ್ಕೆ ಕೂರಿಸಿ, ನಾಲ್ಕು ಜನರ ಮುಂದೆ ಹಾಡುವುದೆಂದರೆ ಸಣ್ಣ ಕೆಲಸವಲ್ಲ. ಇಲ್ಲವೇ ಬಡಾವಣೆಯ ಮಕ್ಕಳಿಗೆ ಗಣಿತ ಹೇಳಿಕೊಡಲಿ. ಕಲಿಸುವಾಗ ಎದುರಿನ ಮಗುವಿನ ತಲೆಯೊಳಗೆ ಹೊಕ್ಕು ಯೋಚಿಸಬೇಕಾಗುತ್ತದೆ.

ಪದಬಂಧ ಪ್ರಿಯೆ ಅವರೇ, ನಿಮಗೆ ಪದಬಂಧ ಬಿಡಿ ಎನ್ನುತ್ತಿಲ್ಲ. ಖುಷಿಗೆ ಬಿಡಿಸಿ. ಆಗಾಗ ನೀವೇ ಒಂದು ಪದಬಂಧ ಕಟ್ಟಿ ನೋಡಿ, ಅದು ಬೇರೆಯದೇ ಕಸರತ್ತು.

ಪದಬಂಧ ಪ್ರಿಯೆ, ಜಯಲಕ್ಷ್ಮೀಪುರಂ

ಕಟ್ಟುತ್ತೇನೆ ಸರ್. ಮೊದಲನೆಯದನ್ನು ಇಲ್ಲೇ ಹಾಕುತ್ತೇನೆ, ಎಲ್ಲರೂ ಬಿಡಿಸಿ.

ಸರಸ್ವತಿಪುರಂನವ

ಇವತ್ತು ಅಪ್ಪನ ಜೊತೆ ಕೂತು ಈ ಉತ್ತರಗಳನ್ನೆಲ್ಲ ಓದಿ ಹೇಳಿದೆ. ಜೋರಾಗಿಯೇ ಓದಿದೆ. ಕಿವಿ ಪರೀಕ್ಷೆಗೆ ಮೊದಲು ಒಪ್ಪಲಿಲ್ಲ. 'ಕೇಳಿಸದೇ ಇದ್ದದ್ದು ನೆನಪಿನಲ್ಲಿ ಹೇಗೆ ಉಳಿಯುತ್ತದೆ' ಎಂಬ ಮಾತು ಮಾತ್ರ ಮನಸ್ಸಿಗೆ ಹೋಯಿತು. ಬರುತ್ತೇನೆ ಎಂದಿದ್ದಾರೆ. ಬಿ12, ಥೈರಾಯ್ಡ್ ಪರೀಕ್ಷೆಗೂ ಬರೆಸಿಕೊಂಡು ಬಂದಿದ್ದೇನೆ. ಚಂದಾ ಬೇಡ ಎಂದು ಅವರೇ ತೀರ್ಮಾನಿಸಿದರು. ಬಿಟ್ಟಿ ಸಿಗುವ ಸುಡೊಕು ಮಧ್ಯಾಹ್ನ ಊಟದ ಮೇಲೆ, ವಾಕಿಂಗ್ ಬೆಳಿಗ್ಗೆ.

ಆ್ಯಪ್ ತೆಗೆದುಹಾಕಿದೆ. ಇನ್ನು ದುಡ್ಡು ಕಟ್ ಆಗುವುದಿಲ್ಲ ತಾನೇ?

ಹೂಟಗಳ್ಳಿ ಎಂಜಿನಿಯರ್

ಆಗುತ್ತದೆ! ಆ್ಯಪ್ ತೆಗೆದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ತೆರೆದು ಮೇಲೆ ಬಲಗಡೆ ಅಪ್ಪನ ಫೋಟೋ ಒತ್ತಿ, ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್ ಒಳಗೆ ಹೋಗಿ ಅಲ್ಲಿ ರದ್ದು ಮಾಡಿ. ಯುಪಿಐನಲ್ಲಿ ಕಟ್ಟಿದ್ದರೆ ಆ ಪೇಮೆಂಟ್ ಆ್ಯಪ್‌ನಲ್ಲೂ ಆಟೋಪೇ ಎಂಬ ಪಟ್ಟಿ ಇರುತ್ತದೆ, ಅದರಲ್ಲಿ ಈ ಕಂಪನಿಯ ಹೆಸರಿದ್ದರೆ ಅದನ್ನೂ ರದ್ದು ಮಾಡಿ. ಕಾರ್ಡ್ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸಿ. ಚಂದಾ ದಿನಾಂಕ ಬರುವ ಮೊದಲೇ ಮಾಡಿ, ಇವತ್ತೇ ಆದರೆ ಒಳ್ಳೆಯದು. ರದ್ದಾಯಿತು ಎಂದು ಬರುವ ಇಮೇಲ್ ತೆಗೆದಿಟ್ಟುಕೊಳ್ಳಿ.